ಮನೆಯಲ್ಲಿ ಕಟ್ಟಿದ ವಿಮಾನ ಎಷ್ಟು ಮೈಲೇಜ್ ಕೊಡುತ್ತೆ?

2016ರ ಫೆಬ್ರವರಿ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಮೈದಾನದಲ್ಲಿ 'ಮೇಕ್ ಇನ್ ಇಂಡಿಯಾ' ಪ್ರದರ್ಶನ ನಡೀತಿತ್ತು. ಅಲ್ಲೊಂದು ವಿಮಾನ ಇಟ್ಟಿದ್ದಾರೆ, ಅದನ್ನು ನಮ್ಮ ಕಾಂದಿವಲಿಯ ಚಾರ್ಕೋಪ್‌ನಲ್ಲಿ ಒಂದು ಕಟ್ಟಡದ ತಾರಸಿ ಮೇಲೆ ಕಟ್ಟಿದ್ದಂತೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಅಮೋಲ್ ಯಾದವ್ ಅನ್ನುವ ಪೈಲಟ್ ಕಟ್ಟಿದ ಆರು ಸೀಟಿನ ವಿಮಾನ. ಊಟದ ಡಬ್ಬಿ ಬೇಗ ಮುಗಿಸಿ ನಾನೂ ಹೋದೆ. ಮುಂಬಯಿಯಲ್ಲಿ ತಾರಸಿ ಮೇಲೆ ಹಪ್ಪಳ ಒಣಗಿಸಲೂ ಸೊಸೈಟಿ ಸೆಕ್ರೆಟರಿಯ ಅಪ್ಪಣೆ ಬೇಕು. ಅಂಥದ್ದರಲ್ಲಿ ವಿಮಾನ!

ಜನ ಸುತ್ತ ನಿಂತು ಫೋಟೋ ತೆಗೀತಿದ್ದರು. ನಾನು ಪಕ್ಕದಲ್ಲಿದ್ದವರನ್ನು ಕೇಳಿದೆ, "ಇದು ಎಷ್ಟು ಮೈಲೇಜ್ ಕೊಡುತ್ತೆ?" ಅಷ್ಟೇ, ನಾಲ್ಕು ಜನ ನಕ್ಕರು. ಒಬ್ಬ ಹುಡುಗನಂತೂ "ಅಂಕಲ್, ಇದು ಸ್ಕೂಟರ್ ಅಲ್ಲ" ಅಂದ. ಸಂಜೆ ಮನೆಯಲ್ಲಿ ಹೇಳಿದರೆ ನನ್ನವಳೂ ನಕ್ಕಳು. "ಅಲ್ರೀ, ರಾಕೆಟ್ ತೋರಿಸಿದ್ರೂ ನೀವು ಲೀಟರ್‌ಗೆ ಎಷ್ಟು ಅಂತನ ಕೇಳ್ತೀರಿ!"

ತಪ್ಪೇನು? ನಾನು ಬಿಕಾಂ ಓದಿದವನು, ಬ್ಯಾಂಕಿನವನು. 1994ರಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡ ದಿನದಿಂದ ಪ್ರತಿ ಸಲ ಪೆಟ್ರೋಲ್ ಹಾಕಿಸಿದ್ದನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತಾರೀಖು, ಕಿಲೋಮೀಟರ್, ಲೀಟರ್, ರೂಪಾಯಿ, ಕೊನೆಗೆ ಸರಾಸರಿ. ಅವತ್ತು ಆ ನಗು ಕೇಳಿದ ಮೇಲೆ ಹಟ ಬಂತು. ವಿಮಾನದ ಮೈಲೇಜನ್ನು ಅಳೆಯುವುದು ಹೇಗೆ, ಯಾರು ಅಳೆದರು ಅಂತ ಹುಡುಕಿ ಓದತೊಡಗಿದೆ. ಹುಡುಕಿದಷ್ಟೂ ಸಿಕ್ಕಿತು. ಗೊತ್ತಾದದ್ದೇನೆಂದರೆ, ನನ್ನ ಪ್ರಶ್ನೆ ವಿಮಾನದಷ್ಟೇ ಹಳೆಯದು. ಅದಕ್ಕೆ ತೀರಾ ಪ್ರಾಮಾಣಿಕವಾಗಿ ಉತ್ತರ ಹುಡುಕಿದವರಲ್ಲಿ ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟಿಕೊಂಡವರು ಮುಂದಿನ ಸಾಲಿನಲ್ಲಿದ್ದಾರೆ.

ಮೊದಲು ಲಿಂಡ್‌ಬರ್ಗ್ ಕಥೆ. 1927ರ ಮೇ ತಿಂಗಳಲ್ಲಿ ಆತ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಬ್ಬನೇ, ಎಲ್ಲೂ ಇಳಿಯದೆ ಹಾರಿದ್ದು ಎಲ್ಲರಿಗೂ ಗೊತ್ತು. ಮೂವತ್ತಮೂರೂವರೆ ಗಂಟೆಯ ಹಾರಾಟ. ಯಾವ ಟ್ಯಾಂಕಿನಿಂದ ಎಷ್ಟು ಗಂಟೆ ಎಂಜಿನ್ ಓಡಿತು ಅಂತ ಆತ ಎದುರಿನ ಫಲಕದ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತ ಹೋಗಿದ್ದ. ನಮ್ಮ ಹಾಲಿನವ ಗೋಡೆ ಮೇಲೆ ಗೀಟು ಹಾಕುತ್ತಿದ್ದನಲ್ಲ, ಹಾಗೆ.

ಮುಂದೆ 1944ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಅದೇ ಲಿಂಡ್‌ಬರ್ಗ್ ನ್ಯೂಗಿನಿಯಲ್ಲಿ ಪಿ-38 ಯುದ್ಧವಿಮಾನದ ಪೈಲಟ್‌ಗಳ ಜೊತೆ ಇದ್ದ. ಎಲ್ಲರೂ ಒಂದೇ ದಾರಿಯಲ್ಲಿ ಹೋಗಿ ಬಂದರೂ ಇವನ ಟ್ಯಾಂಕಿನಲ್ಲಿ ಮಾತ್ರ ಪೆಟ್ರೋಲ್ ಬಹಳ ಉಳಿದಿರುತ್ತಿತ್ತು. ಮೆಕ್ಯಾನಿಕ್‌ಗಳು ಗಮನಿಸಿದರು. ಗುಟ್ಟು ಇಷ್ಟೇ. ಉಳಿದವರು ಎಂಜಿನನ್ನು ಜೋರಾಗಿ ಸುತ್ತಿಸುತ್ತಿದ್ದರು. ಇವನು ಸುತ್ತು ಕಡಿಮೆ ಮಾಡಿ, ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡ ಹೆಚ್ಚಿಟ್ಟು, ಪೆಟ್ರೋಲ್ ಮಿಶ್ರಣ ತೆಳುವಾಗಿಸಿ ಹಾರುತ್ತಿದ್ದ. ಸಮತಟ್ಟು ರಸ್ತೆಯಲ್ಲಿ ಟಾಪ್ ಗೇರ್‌ಗೆ ಹಾಕಿ ಎಂಜಿನ್ ನಿಧಾನವಾಗಿ ಸುತ್ತಲು ಬಿಟ್ಟ ಹಾಗೆ. ಎಂಜಿನ್ ಕೆಟ್ಟುಹೋಗುತ್ತೆ ಅಂತ ಹುಡುಗರಿಗೆ ಅನುಮಾನ. ಆದರೆ ಎಂಜಿನ್ ಕೆಡಲಿಲ್ಲ. ಕಲಿತುಕೊಂಡ ಮೇಲೆ ಎಲ್ಲರ ವಿಮಾನವೂ ಮೊದಲಿಗಿಂತ ಬಹಳ ದೂರ ಹೋಗಿ ವಾಪಸ್ ಬರತೊಡಗಿತು. ಸಮುದ್ರದ ಮೇಲೆ ಹಾರುವವನಿಗೆ ವಾಪಸ್ ಬರುವುದು ಅಂದರೆ ಜೀವ.

ಯುದ್ಧ ಮುಗಿಯಿತು. 1953ರಲ್ಲಿ ಅಮೆರಿಕದಲ್ಲಿ ಪಾಲ್ ಪೊಬೆರೆಜ್ನಿ ಅನ್ನುವವರು ಮನೆಯಲ್ಲಿ ವಿಮಾನ ಕಟ್ಟುವವರದ್ದೇ ಒಂದು ಸಂಘ ಕಟ್ಟಿದರು. ಹೆಸರು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. ಅಲ್ಲಿನ ಕಾನೂನಿನ ಪ್ರಕಾರ ವಿಮಾನದ ಹೆಚ್ಚಿನ ಭಾಗವನ್ನು ನೀವೇ, ಕಲಿಕೆಗೋ ಖುಷಿಗೋ, ಕಟ್ಟಿದ್ದರೆ ಅದನ್ನು 'ಎಕ್ಸ್‌ಪೆರಿಮೆಂಟಲ್' ಅಂತ ನೋಂದಾಯಿಸಿ ಹಾರಿಸಬಹುದು. ಆದರೆ ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ, ಅದು ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿಯ ಮೇಲೆ ಹೋಗುತ್ತೆ, ಗೊತ್ತು ಮಾಡಿದ ಪ್ರದೇಶದೊಳಗೇ ಪರೀಕ್ಷಾ ಹಾರಾಟ ಮಾಡಬೇಕು.

ಇಲ್ಲೇ ವಿಷಯ ಇರೋದು. ಕಂಪನಿ ಮಾಡಿದ ವಿಮಾನ ಕೊಂಡರೆ ಜೊತೆಗೆ ಪುಸ್ತಕ ಬರುತ್ತೆ. ಇಷ್ಟು ಎತ್ತರದಲ್ಲಿ, ಎಂಜಿನ್ ಇಷ್ಟು ಓಡಿಸಿದರೆ ಇಷ್ಟು ವೇಗ, ಗಂಟೆಗೆ ಇಷ್ಟು ಪೆಟ್ರೋಲ್. ಮನೆಯಲ್ಲಿ ಕಟ್ಟಿದ್ದಕ್ಕೆ? ಒಂದೇ ನಕ್ಷೆ ತಂದು ಇಬ್ಬರು ಕಟ್ಟಿದರೂ ಎರಡು ವಿಮಾನ ಒಂದೇ ಥರ ಹಾರಲ್ಲ. ಒಬ್ಬನ ರೆಕ್ಕೆ ನುಣುಪು, ಇನ್ನೊಬ್ಬನದ್ದು ಒರಟು. ಒಬ್ಬ ಚಕ್ರಕ್ಕೆ ಮುಚ್ಚಳ ಹಾಕಿದ, ಇನ್ನೊಬ್ಬ ಹಾಕಲಿಲ್ಲ. ಹಾಗಾಗಿ ಪ್ರತಿಯೊಬ್ಬನೂ ತನ್ನ ವಿಮಾನದ ಪುಸ್ತಕವನ್ನು ತಾನೇ ಅಳೆದು ಬರೆಯಬೇಕು. 1989ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಇದಕ್ಕಂತಲೇ ಒಂದು ಕೈಪಿಡಿ ಪ್ರಕಟಿಸಿತು. ಅಲ್ಲೀತನಕ ಒಬ್ಬರಿಂದ ಒಬ್ಬರು ಕಲಿತದ್ದೇ ಜಾಸ್ತಿ.

ಅಳೆಯುವುದು ಸುಲಭ ಅಂದುಕೊಂಡಿದ್ದೆ. ಅಲ್ಲ. ಒಂದು ಉದಾಹರಣೆ ಕೊಡ್ತೀನಿ, ಪೆನ್ನು ಪೇಪರ್ ಬೇಕಿಲ್ಲ.

ನೆಲದ ಮೇಲೆ 48 ಕಿಲೋಮೀಟರ್ ದೂರದ ಎರಡು ಗುರುತು. ವಿಮಾನದ ನಿಜವಾದ ವೇಗ ಗಂಟೆಗೆ 200. ಗಾಳಿ 40ರ ವೇಗದಲ್ಲಿ ಹಿಂದಿನಿಂದ ಬೀಸುತ್ತಿದೆ. ಹೋಗುವಾಗ ವೇಗ 240, ಅಂದರೆ 12 ನಿಮಿಷ. ಬರುವಾಗ ಗಾಳಿ ಎದುರು, ವೇಗ 160, ಅಂದರೆ 18 ನಿಮಿಷ. ಒಟ್ಟು 96 ಕಿಲೋಮೀಟರ್, ಅರ್ಧ ಗಂಟೆ. ಹಾಗಾದರೆ ವೇಗ 192! ಎಂಟು ಕಿಲೋಮೀಟರ್ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇದ್ದಿರಿ, ಅದಕ್ಕೇ ಅದರ ತೂಕ ಜಾಸ್ತಿಯಾಯಿತು. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಬಾರದು. ಎರಡು ವೇಗಗಳನ್ನು ಕೂಡಿ ಅರ್ಧ ಮಾಡಬೇಕು. ಗಾಳಿ ಅಡ್ಡ ಬೀಸಿದರೆ ಲೆಕ್ಕ ಇನ್ನೂ ಬೇರೆ. ಅದಕ್ಕೇ ಜಿಪಿಎಸ್ ಬಂದ ಮೇಲೆ ಮೂರು ದಿಕ್ಕಿಗೆ ಹಾರಿ ಲೆಕ್ಕ ಹಾಕುವ ರೂಢಿ ಬಂತು. ಬೆಳಗಿನ ಜಾವ ಗಾಳಿ ತಣ್ಣಗಿರುವಾಗ, ಮೇಲೇರಿ, ವೇಗ ನೆಲೆ ನಿಲ್ಲುವ ತನಕ ಕಾದು, ಆಮೇಲೆ ಬರೆದುಕೊಳ್ಳಬೇಕು. ಈ ನೆಲೆನಿಂತ ವೇಗಕ್ಕೇ ಕ್ರೂಸ್ ಸ್ಪೀಡ್ ಅನ್ನೋದು.

ಇನ್ನು ಪೆಟ್ರೋಲ್. ಟೇಕಾಫ್ ಮತ್ತು ಮೇಲೇರುವಾಗ ಎಂಜಿನ್ ಯದ್ವಾತದ್ವಾ ಕುಡಿಯುತ್ತೆ. ಅದೆಲ್ಲ ಸೇರಿಸಿ ಭಾಗಿಸಿದರೆ ಕ್ರೂಸ್‌ನ ಲೆಕ್ಕ ಕೆಡುತ್ತೆ. ಎರಡು ಟ್ಯಾಂಕ್ ಇರುವ ವಿಮಾನದವರು ಒಂದು ಉಪಾಯ ಮಾಡುತ್ತಾರೆ. ಎಡ ಟ್ಯಾಂಕಿನ ಪೆಟ್ರೋಲಿನಲ್ಲಿ ಮೇಲೇರುವುದು, ವೇಗ ನೆಲೆಗೆ ಬಂದ ಮೇಲೆ ಗಡಿಯಾರ ನೋಡಿ ಬಲ ಟ್ಯಾಂಕಿಗೆ ತಿರುಗಿಸುವುದು, ಸರಿಯಾಗಿ ಒಂದು ಗಂಟೆ ಹಾರುವುದು, ಮತ್ತೆ ಎಡಕ್ಕೆ ತಿರುಗಿಸಿ ಇಳಿಯುವುದು. ಆಮೇಲೆ ವಿಮಾನವನ್ನು ಮೊದಲು ನಿಲ್ಲಿಸಿದ್ದ ಜಾಗದಲ್ಲೇ, ಅದೇ ಓರೆಯಲ್ಲಿ ನಿಲ್ಲಿಸಿ, ಬಲ ಟ್ಯಾಂಕನ್ನು ಅದೇ ಗುರುತಿನ ತನಕ ಅಳೆದು ತುಂಬುವುದು. ಎಷ್ಟು ಹಿಡಿಯಿತೋ ಅಷ್ಟೇ ಆ ಒಂದು ಗಂಟೆಯ ಖರ್ಚು. ನೋಡಿ, ಎಷ್ಟು ಚೆಂದದ ಲೆಕ್ಕ! ಚಾಲ್ತಿ ಖಾತೆ ಬೇರೆ, ಈ ಒಂದು ಕೆಲಸಕ್ಕೆ ತೆಗೆದ ಖಾತೆ ಬೇರೆ. ಒಂದರ ಖರ್ಚು ಇನ್ನೊಂದಕ್ಕೆ ತಾಕುವುದಿಲ್ಲ.

ಈ ಜನರಿಗೆ ಅಳತೆಯ ಹುಚ್ಚು ಹಿಡಿಸಿದವರಲ್ಲಿ ಬರ್ಟ್ ರುಟಾನ್ ದೊಡ್ಡವನು. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಅವನ ಕಾರ್ಖಾನೆ. 1975ರಲ್ಲಿ ಅವನು 'ವೇರಿಈಜಿ' ಅನ್ನುವ ಪುಟ್ಟ ವಿಮಾನ ಹಾರಿಸಿದ. ಫೋಮ್ ಮೇಲೆ ಫೈಬರ್ ಗ್ಲಾಸ್ ಮೆತ್ತಿ ಮಾಡಿದ್ದು. ಚಿಕ್ಕ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ, ಪ್ರೊಪೆಲ್ಲರ್ ಅದಕ್ಕೂ ಹಿಂದೆ. ಅದೇ ವರ್ಷ ಆಗಸ್ಟಿನಲ್ಲಿ ಅಣ್ಣ ಡಿಕ್ ರುಟಾನ್ ಅದರಲ್ಲಿ ಸುತ್ತು ಹೊಡೆಯುತ್ತ 1,638 ಮೈಲಿ ಹಾರಿ, 500 ಕೆ.ಜಿ. ಒಳಗಿನ ವಿಮಾನಗಳ ದಾಖಲೆ ಮಾಡಿದ. 1979ರಲ್ಲಿ ಅದಕ್ಕಿಂತ ತುಸು ದೊಡ್ಡದಾದ 'ಲಾಂಗ್ಈಜಿ' ಬಂತು. ಅದೇ ಡಿಸೆಂಬರಿನಲ್ಲಿ ಡಿಕ್ ಸುಮಾರು ಮೂವತ್ತಮೂರೂವರೆ ಗಂಟೆ ಒಂದೇ ಸಮನೆ ಕೂತು 4,800 ಮೈಲಿ ಸುತ್ತಿದ. ಲಿಂಡ್‌ಬರ್ಗ್ ಕೂತಷ್ಟೇ ಹೊತ್ತು, ಆದರೆ ಅವನಿಗಿಂತ ಸುಮಾರು ಸಾವಿರದ ಇನ್ನೂರು ಮೈಲಿ ಜಾಸ್ತಿ.

ಆ ಹೊತ್ತಿಗೆ 1973 ಮತ್ತು 1979ರ ತೈಲ ಬಿಕ್ಕಟ್ಟು ಎರಡೂ ಆಗಿದ್ದವು. ಪೆಟ್ರೋಲ್ ಉಳಿಸುವ ಮಾತು ಎಲ್ಲ ಕಡೆ. ಹಾಗಾದರೆ ನಿಧಾನ ಹಾರಿದರೆ ಆಯಿತಲ್ಲ? ಅದೂ ಅಲ್ಲ. ವಿಮಾನ ತೀರಾ ನಿಧಾನ ಹಾರಿದರೆ ಮೂತಿ ಎತ್ತಿಕೊಂಡು, ಬೀಳದೆ ನಿಲ್ಲಲಿಕ್ಕೇ ಶಕ್ತಿ ಖರ್ಚು ಮಾಡುತ್ತೆ. ಜೋರಾಗಿ ಹಾರಿದರೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ. ನಡುವೆ ಒಂದು ವೇಗದಲ್ಲಿ ಒಟ್ಟು ತಡೆ ಅತಿ ಕಡಿಮೆ. ಮೈಲೇಜ್ ಅಲ್ಲೇ ಅತಿ ಹೆಚ್ಚು. ಆದರೆ ಅದು ಎಷ್ಟು ನಿಧಾನ ಅಂದರೆ ಯಾರೂ ಆ ವೇಗದಲ್ಲಿ ಹಾರುವುದಿಲ್ಲ.

1980ರಲ್ಲಿ ಅಮೆರಿಕದ ನೌಕಾ ಅಕಾಡೆಮಿಯ ಪ್ರೊಫೆಸರ್ ಬರ್ನಾರ್ಡ್ ಕಾರ್ಸನ್ ಇದಕ್ಕೊಂದು ಉತ್ತರ ಕೊಟ್ಟರು. ವೇಗಕ್ಕೂ ಬೆಲೆ ಇದೆ. ಹಾಗಾದರೆ ಒಂದೊಂದು ಮೈಲಿ ಹೆಚ್ಚಿನ ವೇಗವನ್ನು ಅತಿ ಅಗ್ಗದಲ್ಲಿ ಕೊಳ್ಳುವುದು ಎಲ್ಲಿ? ಲೆಕ್ಕ ಮಾಡಿದರೆ ಅತಿ ಹೆಚ್ಚು ಮೈಲೇಜ್ ಕೊಡುವ ವೇಗದ 1.32ರಷ್ಟು ಬರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, 130ರಲ್ಲಿ ಹೋಗುವ ಬದಲು 171ರಲ್ಲಿ ಹೋಗಿ. 520 ಕಿಲೋಮೀಟರ್‌ಗೆ ನಾಲ್ಕು ಗಂಟೆ ಬದಲು ಮೂರು ಗಂಟೆ ಸಾಕು. ಪೆಟ್ರೋಲ್ ನೂರು ಲೀಟರ್ ಬೇಕಿದ್ದ ಕಡೆ ಸುಮಾರು 116 ಬೇಕು. ವೇಗ ಮೂರನೇ ಒಂದರಷ್ಟು ಜಾಸ್ತಿ, ಖರ್ಚು ಆರನೇ ಒಂದರಷ್ಟು ಜಾಸ್ತಿ. ಇದು ಒಳ್ಳೆಯ ಸಾಲ! ಅದಕ್ಕಿಂತ ಮೇಲೆ ಹೋದರೆ ಬಡ್ಡಿ ಏರುತ್ತ ಹೋಗುತ್ತೆ. ಇವತ್ತಿಗೂ ಪೈಲಟ್‌ಗಳು ಅದನ್ನು 'ಕಾರ್ಸನ್ ವೇಗ' ಅಂತಲೇ ಕರೆಯುತ್ತಾರೆ.

ಕಾಗದದ ಲೆಕ್ಕ ಆಯಿತು. ಆದರೆ ಹ್ಯಾಂಗರ್ ಹರಟೆಯಲ್ಲಿ ಪ್ರತಿಯೊಬ್ಬನ ವಿಮಾನವೂ ಪಕ್ಕದವನದಕ್ಕಿಂತ ಹತ್ತು ಮೈಲಿ ಜಾಸ್ತಿ ಹೋಗುತ್ತೆ, ಎರಡು ಲೀಟರ್ ಕಡಿಮೆ ಕುಡಿಯುತ್ತೆ! ಸಾಲ ಕೇಳಲು ಬರುವವರ ಬ್ಯಾಲೆನ್ಸ್ ಶೀಟ್ ಥರ. ಇದಕ್ಕೆ ಮದ್ದು ಹುಡುಕಿದ್ದು ಕ್ಯಾಲಿಫೋರ್ನಿಯಾದ ಸಾಂತಾ ರೋಸಾ ಊರಿನವರು. ಮುಂದಾಳು ಬ್ರಾಯನ್ ಸೀಲಿ. ಕಸುಬಿನಿಂದ ಕಣ್ಣಿನ ಡಾಕ್ಟರು! 1981ರಲ್ಲಿ ಅವರು 'ಕೆಫೆ' ಅನ್ನುವ ಸ್ಪರ್ಧೆ ಶುರು ಮಾಡಿದರು. ಕೆಫೆ ಅಂದರೆ ಕಾಫಿ ಅಂಗಡಿ ಅಲ್ಲ, ವಿಮಾನಗಳ ಇಂಧನ ದಕ್ಷತೆಯ ಪಂದ್ಯ ಅನ್ನುವುದರ ಇಂಗ್ಲಿಷ್ ಮೊದಲಕ್ಷರಗಳು. ಎಲ್ಲರೂ ಒಂದೇ ದಿನ, ಒಂದೇ ದಾರಿ. ಮೊದಲು ಬಂದವನು ಗೆದ್ದ ಅಂತಲ್ಲ. ವೇಗ, ಗ್ಯಾಲನ್ನಿಗೆ ಎಷ್ಟು ಮೈಲಿ, ಎಷ್ಟು ಭಾರ ಹೊತ್ತ, ಮೂರನ್ನೂ ಒಂದು ಸೂತ್ರದಲ್ಲಿ ಗುಣಿಸಿ ಅಂಕ. ಸುಮ್ಮನೆ ತೆವಳಿದವನೂ ಸೋತ, ಸುಮ್ಮನೆ ಓಡಿದವನೂ ಸೋತ.

ಇದರಿಂದ ಆದ ಲಾಭ ದೊಡ್ಡದು. ಸೋತವನು ಮನೆಗೆ ಹೋಗಿ ಎಂಜಿನ್ ಮುಚ್ಚಳದ ಸಂದು ಮುಚ್ಚಿದ, ಚಕ್ರದ ಕವಚ ತಿದ್ದಿದ, ಮುಂದಿನ ವರ್ಷ ಮತ್ತೆ ಬಂದ. ತನ್ನ ವೇರಿಈಜಿಯನ್ನು ತಿದ್ದುತ್ತ ತಿದ್ದುತ್ತ ಕ್ಲಾಸ್ ಸೇವಿಯರ್ ಅನ್ನುವವರು ವಿಮಾನಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡಿ ಮಾರುವ ಮಟ್ಟಕ್ಕೆ ಬಂದರು. 1990ರ ದಶಕದಲ್ಲಿ ಅದೇ ಕೆಫೆಯವರು ಒಂದೊಂದೇ ಮಾದರಿಯ ವಿಮಾನವನ್ನು ತೂಕ ಮಾಡಿ, ಹಾರಿಸಿ, ಅಳೆದು ವರದಿ ಪ್ರಕಟಿಸಿದರು. ಹೊರಗಿನ ಆಡಿಟರ್ ಬಂದ ಹಾಗೆ.

ಈಗ ನನಗೆ ತುಂಬ ಹಿಡಿಸಿದ ಭಾಗಕ್ಕೆ ಬರ್ತೀನಿ. 'ವಾಯೇಜರ್' ವಿಮಾನ. ನಡುವೆ ಎಲ್ಲೂ ಇಳಿಯದೆ, ಗಾಳಿಯಲ್ಲೂ ಇಂಧನ ತುಂಬಿಸಿಕೊಳ್ಳದೆ ಭೂಮಿಗೆ ಒಂದು ಸುತ್ತು ಬರಬೇಕು ಅನ್ನುವ ಆಸೆ. 1981ರಲ್ಲಿ ಮೊಹಾವೆಯ ಒಂದು ಹೋಟೆಲಿನಲ್ಲಿ ಬರ್ಟ್ ಕೈ ಒರೆಸುವ ಕಾಗದದ ಮೇಲೆ ಚಿತ್ರ ಬರೆದ. ಸರಕಾರದ ದುಡ್ಡಿಲ್ಲ. ಸ್ವಂತ ಕೈಯಿಂದ, ಸ್ವಯಂಸೇವಕರಿಂದ ಕಟ್ಟಿದರು. ಹಾರಿದವರು ಡಿಕ್ ರುಟಾನ್ ಮತ್ತು ಜೀನಾ ಯೇಗರ್. ಕೂರುವ ಜಾಗ ನಮ್ಮ ಹಳೆಯ ಟೆಲಿಫೋನ್ ಬೂತ್ ಅಡ್ಡ ಮಲಗಿಸಿದಷ್ಟು.

ಇದರ ಅಂಕಿಗಳನ್ನು ನೋಡಿ. ಹೊರಡುವಾಗ ಒಟ್ಟು ತೂಕ 9,694.5 ಪೌಂಡ್. ಅದರಲ್ಲಿ ಇಂಧನವೇ 7,011.5 ಪೌಂಡ್, ನೂರಕ್ಕೆ ಎಪ್ಪತ್ತೆರಡು! ವಿಮಾನ ಅನ್ನುವುದಕ್ಕಿಂತ ಹಾರುವ ಟ್ಯಾಂಕರ್ ಅನ್ನಬೇಕು. 1986ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ನಾಲ್ಕೂವರೆ ದಿನ ಸುತ್ತಿ ಪರೀಕ್ಷೆ ಮಾಡಿದ್ದರು. ಇಂಧನ ಖರ್ಚಾಗಿ ಭಾರ ಇಳಿದ ಹಾಗೆ ಮೈಲೇಜ್ ಕೊಡುವ ವೇಗವೂ ಇಳಿಯುತ್ತೆ. ಹಾಗಾಗಿ ಎರಡು ಎಂಜಿನ್‌ಗಳಲ್ಲಿ ಮುಂದಿನದನ್ನು ನಿಲ್ಲಿಸಿ, ಹಿಂದಿನದೊಂದರಲ್ಲೇ ನಿಧಾನವಾಗಿ ಹೋಗಬೇಕು. ಎಷ್ಟು ದೂರಕ್ಕೆ ಎಷ್ಟು ಉಳಿದಿರಬೇಕು ಅನ್ನುವ ರೇಖೆ ಮೊದಲೇ ಎಳೆದಿಟ್ಟಿದ್ದರು. ನಮ್ಮ ಬಜೆಟ್ ಮತ್ತು ವಾಸ್ತವ ಇದ್ದ ಹಾಗೆ.

1986ರ ಡಿಸೆಂಬರ್ 14ರ ಬೆಳಿಗ್ಗೆ ಎಡ್ವರ್ಡ್ಸ್ ವಾಯುನೆಲೆಯಿಂದ ಹೊರಟರು. ಇಂಧನದ ಭಾರಕ್ಕೆ ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ಸವೆಯಿತು. 15,000 ಅಡಿಯ ರನ್‌ವೇಯಲ್ಲಿ ಬಹುತೇಕ ಎಲ್ಲವನ್ನೂ ಬಳಸಿ ಮೇಲೆದ್ದರು. ಪೆಸಿಫಿಕ್ ದಾಟಿ, ಚಂಡಮಾರುತದ ಅಂಚಿನ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ನಮ್ಮ ದಕ್ಷಿಣದ ಹಿಂದೂ ಮಹಾಸಾಗರ ದಾಟಿ, ಆಫ್ರಿಕಾ ಕಡೆಗೆ ಹೋದರು. ಆ ದಿನ ನಾನು ಧಾರವಾಡದಲ್ಲಿ ಬಿಕಾಂ ಹುಡುಗ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ತಲೆ ಕೆರೆದುಕೊಳ್ಳುತ್ತಿದ್ದೆ ಅನ್ನಿಸುತ್ತೆ. ಅವರದ್ದೂ ತಾಳೆಯಾಗುತ್ತಿರಲಿಲ್ಲ!

ಹೌದು. ದಾರಿಯಲ್ಲಿ ಇಂಧನದ ಲೆಕ್ಕ ಕೈಕೊಟ್ಟಿತು. ಪುಸ್ತಕದ ಪ್ರಕಾರ ಉಳಿದ ಇಂಧನ ಊರು ಮುಟ್ಟಲು ಸಾಲದು. ಸೋರುತ್ತಿದೆಯೇ? ವಾಪಸ್ ಹೋಗಬೇಕೇ? ಕೊನೆಗೆ ಗೊತ್ತಾದದ್ದು ಬೇರೆ. ಎಂಜಿನ್‌ಗೆ ಹೋಗಬೇಕಾದ ಇಂಧನದಲ್ಲಿ ಒಂದಷ್ಟು ಬಂದ ದಾರಿಯಲ್ಲೇ ಟ್ಯಾಂಕಿಗೆ ಹಿಂದಿರುಗುತ್ತಿತ್ತು. ಹೊರಗೆ ಹೋದದ್ದು ಲೆಕ್ಕಕ್ಕೆ ಬಂತು, ವಾಪಸ್ ಬಂದದ್ದು ಬರಲಿಲ್ಲ. ಖರ್ಚು ಬರೆದರು, ಜಮಾ ಬರೆಯಲಿಲ್ಲ. ಟ್ಯಾಂಕಿನಲ್ಲಿ ಪುಸ್ತಕಕ್ಕಿಂತ ಜಾಸ್ತಿ ಇತ್ತು.

ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ ಅಂತ ನೀವು ಕೇಳಬಹುದು. ಬ್ಯಾಂಕಿನವರನ್ನು ಕೇಳಿ ನೋಡಿ. ನಾನು ಹೊಸದಾಗಿ ಕ್ಯಾಶ್ ಕೌಂಟರ್‌ನಲ್ಲಿ ಕೂತಾಗ ಒಂದು ಸಂಜೆ ಐನೂರು ರೂಪಾಯಿ ಹೆಚ್ಚು ಬಂತು. ಖುಷಿಯಿಂದ ಹೇಳಿದರೆ ನಮ್ಮ ಹೆಡ್ ಕ್ಯಾಶಿಯರ್ ಕನ್ನಡಕ ತೆಗೆದು ನೋಡಿದರು. "ತಮ್ಮಾ, ಕಡಿಮಿ ಬಂದ್ರ ಒಂದು ತಪ್ಪು ಆಗೇತಿ. ಹೆಚ್ಚು ಬಂದ್ರೂ ಒಂದು ತಪ್ಪು ಆಗೇತಿ. ಎರಡಕ್ಕೂ ನಿದ್ದಿ ಬರಬಾರದು." ರಾತ್ರಿ ಒಂಬತ್ತರ ತನಕ ಕೂರಿಸಿ ಹುಡುಕಿಸಿದರು. ಯಾರೋ ಕಟ್ಟಿದ್ದ ಚಲನ್ ಒಂದನ್ನು ನಾನು ಬರೆದಿರಲೇ ಇಲ್ಲ. ಲೆಕ್ಕ ಸುಳ್ಳು ಅಂತಾದರೆ ಅದನ್ನು ನಂಬಿ ತೆಗೆದುಕೊಳ್ಳುವ ಎಲ್ಲ ತೀರ್ಮಾನವೂ ಸುಳ್ಳು. ವಾಯೇಜರ್‌ನವರು ಆ ಪುಸ್ತಕವನ್ನೇ ನಂಬಿದ್ದರೆ ಆಫ್ರಿಕಾದಲ್ಲೆಲ್ಲೋ ಇಳಿದುಬಿಡುತ್ತಿದ್ದರು.

ನಾನು ನಂಬಿದ್ದೆ. ಅದನ್ನೂ ಹೇಳಿಬಿಡುತ್ತೇನೆ. 1997ರ ಜುಲೈ, ಡೊಂಬಿವಲಿ. ರಾತ್ರಿ ಹನ್ನೊಂದಕ್ಕೆ ಮೂರು ವರ್ಷದ ಮಗಳಿಗೆ ಜ್ವರ ಏರಿ ಮೈ ನಡುಗತೊಡಗಿತು. ಮಳೆ ಧೋ ಅಂತ ಸುರೀತಿತ್ತು. ಮೂವರೂ ಸ್ಕೂಟರ್ ಹತ್ತಿ ಕಲ್ಯಾಣದ ಆಸ್ಪತ್ರೆಗೆ ಹೊರಟೆವು. "ಪೆಟ್ರೋಲ್ ಐತೇನ್ರಿ?" ಅಂತ ಇವಳು ಕೇಳಿದಳು. ನಾನು ಟ್ಯಾಂಕ್ ಮುಚ್ಚಳ ತೆಗೆದು ನೋಡಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಒಂದೂವರೆ ಲೀಟರ್ ಇತ್ತಲ್ಲ! ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ನನ್ನ ಸರಾಸರಿ ಒಬ್ಬನೇ, ಬೆಳಿಗ್ಗೆ, ಖಾಲಿ ರಸ್ತೆಯಲ್ಲಿ ಓಡಿಸಿದ್ದರ ಸರಾಸರಿ. ಆ ವಾರವೆಲ್ಲ ಮಳೆ, ಟ್ರಾಫಿಕ್, ಹಿಂದೆ ಇವಳು, ಮುಂದೆ ಮಗು. ಪೆಟ್ರೋಲ್ ಕಾಕ್ ಯಾವತ್ತೋ ರಿಸರ್ವ್‌ಗೆ ತಿರುಗಿಸಿದ್ದು ಹಾಗೇ ಉಳಿದಿತ್ತು. ಇವಳು ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ನಡೆದಳು, ನಾನು ಗಾಡಿ ತಳ್ಳಿದೆ. ಇಪ್ಪತ್ತು ನಿಮಿಷಕ್ಕೆ ಒಂದು ಆಟೋ ಸಿಕ್ಕಿತು. ಮಗಳು ಆರಾಮಾದಳು, ಈಗ ಪುಣೆಯಲ್ಲಿದ್ದಾಳೆ. ಇವಳು ಆ ರಾತ್ರಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾಯೇಜರ್ ಡಿಸೆಂಬರ್ 23ರ ಬೆಳಿಗ್ಗೆ ಎಡ್ವರ್ಡ್ಸ್‌ಗೇ ಬಂದು ಇಳಿಯಿತು. ಕೊನೆಯ ಹಂತದಲ್ಲಿ ಇಂಧನದ ಪಂಪ್ ಕೆಟ್ಟು ಎಂಜಿನ್ ನಿಂತು, ಮತ್ತೆ ಶುರು ಮಾಡಿಕೊಂಡು ಬಂದರು. ಒಟ್ಟು 9 ದಿನ, 3 ನಿಮಿಷ, 44 ಸೆಕೆಂಡ್. ಅಧಿಕೃತ ದೂರ 24,986 ಮೈಲಿ. ಟ್ಯಾಂಕಿನಲ್ಲಿ ಉಳಿದದ್ದು 106 ಪೌಂಡ್, ಅಂದರೆ ಹೊರಟಾಗ ಇದ್ದದ್ದರಲ್ಲಿ ನೂರಕ್ಕೆ ಒಂದೂವರೆ. ನನ್ನ ಲೆಕ್ಕದಲ್ಲಿ ಲೀಟರ್‌ಗೆ ಸುಮಾರು 9 ಕಿಲೋಮೀಟರ್! ಬಿಕೆಸಿಯಲ್ಲಿ ನಕ್ಕ ಹುಡುಗ ಸಿಕ್ಕರೆ ಹೇಳಬೇಕು.

ಆಮೇಲೂ ಕೆಫೆಯವರು ಸುಮ್ಮನಾಗಲಿಲ್ಲ. 2011ರಲ್ಲಿ ನಾಸಾ ಹಣ ಕೊಟ್ಟು ಅವರಿಂದಲೇ ಸಾಂತಾ ರೋಸಾದಲ್ಲಿ ದೊಡ್ಡ ಸ್ಪರ್ಧೆ ನಡೆಸಿತು. ಗೆದ್ದದ್ದು ಬ್ಯಾಟರಿಯಲ್ಲಿ ಹಾರುವ ನಾಲ್ಕು ಸೀಟಿನ ಟಾರಸ್ ಜಿ4. ಬಹುಮಾನ 13.5 ಲಕ್ಷ ಡಾಲರ್. ವಿದ್ಯುತ್ತನ್ನು ಪೆಟ್ರೋಲಿಗೆ ಸಮ ಮಾಡಿ ನೋಡಿದರೆ, ಒಬ್ಬ ಪ್ರಯಾಣಿಕನ ಲೆಕ್ಕದಲ್ಲಿ ಗ್ಯಾಲನ್ನಿಗೆ 400 ಮೈಲಿ ಮೀರಿತ್ತು. ಡಿಕ್ ರುಟಾನ್ 2024ರ ಮೇ ತಿಂಗಳಲ್ಲಿ ತೀರಿಕೊಂಡರು. ವಾಯೇಜರ್ ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

ನನ್ನ ನಿವೃತ್ತಿಗೆ ಇನ್ನು ಹೆಚ್ಚು ದಿನ ಇಲ್ಲ. ಸ್ಕೂಟರ್ ಹೋಗಿ ಕಾರು ಬಂದಿದೆ, ಪುಸ್ತಕ ಈಗಲೂ ಇದೆ. ಆದರೆ 1997ರ ಜುಲೈನಿಂದ ಅದರಲ್ಲಿ ಒಂದು ಅಂಕಣ ಹೆಚ್ಚಾಗಿದೆ. "ಕಣ್ಣಾರೆ ನೋಡಿದ್ದು" ಅಂತ.

ನೀವೂ ಲೆಕ್ಕ ಬರೆಯುವವರೇ? ಹಾಗಾದರೆ ಕೊನೆಯ ಸಲ ಟ್ಯಾಂಕ್ ತೆಗೆದು ನೋಡಿದ್ದು ಯಾವಾಗ?